ಚಳಿಗಾಲದಲ್ಲಿ ಜಿಂಕೆ ಬೆಟ್ಟ ಇಳಿಯೋದು ಯಾಕೆ?

ಕಿಲಾರ್ನಿಗೆ ಹೋದರೆ ಕೆಂಪು ಜಿಂಕೆ ಎಲ್ಲಿ ಕಾಣತ್ತೆ? ಅದು ನೀವು ಹೋಗುವ ತಿಂಗಳನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಟಾರ್ಕ್, ಮ್ಯಾಂಗರ್ಟನ್ ಬೆಟ್ಟಗಳ ಮೇಲೆ ಎಳೆ ಹುಲ್ಲು ಸಿಗುವುದರಿಂದ ಬೆಟ್ಟದ ಹಿಂಡು ಅಲ್ಲೇ ಮೇಯುತ್ತದೆ. ಚಳಿಗೆ ಆ ಹುಲ್ಲು ಸತ್ವ ಕಳೆದುಕೊಂಡಾಗ ಹಲವು ಜಿಂಕೆಗಳು ತಗ್ಗಿನ ಓಕ್ ಕಾಡಿನತ್ತ ಇಳಿಯುತ್ತವೆ.

ನಮ್ಮ ಕಬಿನಿಯಲ್ಲೂ ಇದೇ ಲೆಕ್ಕ, ಕಾಲ ಮಾತ್ರ ಬೇರೆ. ಮಾರ್ಚ್‌ನಿಂದ ಮೇವರೆಗೆ ಕಾಡು ಒಣಗಿರತ್ತೆ, ಹಿನ್ನೀರು ಸರಿದ ಜಾಗದಲ್ಲಿ ಹಸಿರು ಹುಲ್ಲು ಏಳತ್ತೆ. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಆನೆ ಇನ್ನೆಲ್ಲಿಗೆ ಹೋಗಬೇಕು ಹೇಳಿ! ಮಳೆ ಹಿಡಿದ ಮೇಲೆ ಹಿಂಡುಗಳು ಮತ್ತೆ ಕಾಡೊಳಗೆ ಚದುರುತ್ತವೆ.

ಕಿಲಾರ್ನಿಯ ಕಷ್ಟ ಇರೋದು ತಗ್ಗಿನಲ್ಲೇ. ಐರ್ಲೆಂಡಿನಲ್ಲಿ ಹಳೆಯ ಓಕ್ ಕಾಡು ಉಳಿದಿರುವುದೇ ಸ್ವಲ್ಪ. ಅಲ್ಲಿ ಮೊಳೆತ ಸಸಿಗಳು ಜಿಂಕೆಗಳ ಬಾಯಿಗೆ ಸಿಕ್ಕರೆ ಮರವಾಗೋದಿಲ್ಲ. ಅದಕ್ಕೇ ಕಾಡಿನೊಳಗೆ ಅಲ್ಲಲ್ಲಿ ಬೇಲಿ.