ಕೋವಿಯ ಮುಂಭಾಗದ ದುರ್ಬೀನು: ಗುಣದೋಷ ವಿಚಾರ

ಬೇಟೆಯ ಕೋವಿಗೆ ದುರ್ಬೀನನ್ನು ಜೋಡಿಸುವ ಕ್ರಮಗಳು ಎರಡುಂಟು. ಬೋಲ್ಟಿನ ಮೇಲ್ಗಡೆ, ಕಣ್ಣಿಗೆ 3–4 ಅಂಗುಲದ ಅಂತರದಲ್ಲಿರಿಸುವುದು ರೂಢಿಯ ಕ್ರಮ. ನಳಿಗೆಯ ಮೇಲೆ, ಕಣ್ಣಿಗೆ ಸುಮಾರು 10 ಅಂಗುಲ ದೂರದಲ್ಲಿರಿಸುವುದು ಇನ್ನೊಂದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಸೈನ್ಯವು ಒಂದೂವರೆ ಪಟ್ಟು ಹಿಗ್ಗಿಸುವ ದುರ್ಬೀನನ್ನು ಹೀಗೆ ಬಳಸಿತ್ತು. ಬೇಟೆಗಾರರಲ್ಲಿ ಇದನ್ನು ಪ್ರಸಿದ್ಧಿಗೆ ತಂದವರು ಅಮೆರಿಕದ ಜೆಫ್ ಕೂಪರ್ (1920–2006). 1980ರ ದಶಕದಲ್ಲಿ ಅವರು ನಿರೂಪಿಸಿದ ‘ಸ್ಕೌಟ್’ ಕೋವಿಯ ಲಕ್ಷಣಗಳು ಇವು: 1 ಮೀಟರಿಗೆ ಮೀರದ ಉದ್ದ, ಸುಮಾರು 3 ಕಿಲೋಗ್ರಾಂ ತೂಕ, 2–3 ಪಟ್ಟು ಹಿಗ್ಗಿಸುವ ದುರ್ಬೀನು.

ಮೊದಲು ಗುಣಗಳನ್ನು ನೋಡೋಣ. ಕಣ್ಣಿಗೂ ಗಾಜಿಗೂ ಅಂತರವಿರುವುದರಿಂದ ಎರಡು ಕಣ್ಣುಗಳನ್ನೂ ತೆರೆದೇ ಗುರಿಯಿಡಬಹುದು. ಸುತ್ತಲಿನ ಕಾಡು ಮರೆಯಾಗದು. ಹಕ್ಕಿಯ ತಲೆಯೊಂದನ್ನೇ ಕಂಡ ಅರ್ಜುನನನ್ನು ದ್ರೋಣರು ಮೆಚ್ಚಿದರು. ಪೊದೆಯಿಂದ ಹಠಾತ್ತನೆ ಹೊರಡುವ ಮೃಗದ ಮುಂದೆ ನಿಂತವನಿಗಾದರೋ ಗುರಿಯೊಡನೆ ಸುತ್ತುಮುತ್ತಲೂ ಕಾಣಬೇಕು. ಕೋವಿ ಒದೆದಾಗ ಗಾಜಿನ ಅಂಚು ಹುಬ್ಬಿಗೆ ತಗಲುವ ಭಯವಿಲ್ಲ. ಬೋಲ್ಟಿನ ಮೇಲ್ಭಾಗ ತೆರೆದಿರುವುದರಿಂದ ತೋಟಾಗಳನ್ನು ತುಂಬುವುದು ಸುಲಭ. ಖಾಲಿ ತೋಟಾವನ್ನು ಮೇಲಕ್ಕೆ ಚಿಮ್ಮುವ ಹಳೆಯ ವಿಂಚೆಸ್ಟರ್ 1894ರಂತಹ ಕೋವಿಗಳಿಗೂ ಇದು ಒಪ್ಪುತ್ತದೆ.

ಇನ್ನು ದೋಷಗಳು. ಗಾಜು ದೂರವಾದಷ್ಟೂ ಅದರೊಳಗೆ ಕಾಣುವ ಕ್ಷೇತ್ರವು ಸಂಕುಚಿತವಾಗುತ್ತದೆ. ಹೆಚ್ಚು ಹಿಗ್ಗಿಸಿದರೆ ಆ ಕ್ಷೇತ್ರವು ಇನ್ನೂ ಕಿರಿದಾಗುವುದರಿಂದ ಅಲ್ಪ ಶಕ್ತಿಗೇ ತೃಪ್ತಿಪಡಬೇಕಾಗುತ್ತದೆ. ಸೂರ್ಯನು ಬೆನ್ನ ಹಿಂದೆ ತಗ್ಗಿನಲ್ಲಿದ್ದರೆ ಬೆಳಕು ಕಣ್ಣಿನ ಕಡೆಯ ಗಾಜಿಗೆ ಬಿದ್ದು ಪ್ರತಿಫಲಿಸಿ, ಬಿಂಬವನ್ನೇ ಮಸುಕುಗೊಳಿಸುತ್ತದೆ. ಕಣ್ಣು ಸಮೀಪವಿದ್ದಾಗ ಬೇಟೆಗಾರನ ತಲೆಯೇ ಆ ಬೆಳಕಿಗೆ ಮರೆಯಾಗಿರುತ್ತದೆ. ಮುಸ್ಸಂಜೆಯಲ್ಲಿ, ಪೊದೆಯ ನೆರಳಿನಲ್ಲಿ ನಿಂತ ಮೃಗದ ಅಂಗಾಂಗಗಳನ್ನು ವಿಂಗಡಿಸಲು ಬೇಕಾದ ವಿವರವೂ ದೊರೆಯದು. ಮೃಗಗಳು ಸಂಚರಿಸುವ ಕಾಲವಾದರೋ ಪ್ರಾತಃ ಸಾಯಂಕಾಲಗಳೇ.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಗುಣಕ್ಕೂ ದೋಷಕ್ಕೂ ಕಾರಣ ಒಂದೇ, ಕಣ್ಣಿನಿಂದ ಗಾಜಿಗಿರುವ ದೂರ. ಆದುದರಿಂದ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತಳ್ಳಲಾಗದು. ದೇಶಕಾಲಗಳನ್ನು ನೋಡಿಯೇ ಆರಿಸಿಕೊಳ್ಳಬೇಕು. ಹಗಲ ಬೆಳಕಿನಲ್ಲಿ, ದಟ್ಟ ಪೊದೆಗಳ ನಡುವೆ, ಸಮೀಪದ ಗುರಿಗೆ ಮುಂಭಾಗದ ದುರ್ಬೀನು ಯುಕ್ತ. ಬಯಲಿನ ದೂರದ ಗುರಿಗೂ ಸಂಜೆಯ ಬೇಟೆಗೂ ರೂಢಿಯ ಕ್ರಮವೇ ಯುಕ್ತ. ಈ ವಿವೇಕವು ಬೇಟೆಗಾರನ ಸೌಕರ್ಯಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಸ್ಪಷ್ಟವಾಗಿ ಕಾಣದೆ ಹಾರಿಸಿದ ಗುಂಡು ಮೃಗವನ್ನು ಕೊಲ್ಲದೆ ಗಾಯಗೊಳಿಸಿ, ಅದು ಕಾಡಿನೊಳಗೆ ನರಳಿ ಸಾಯುವಂತೆ ಮಾಡುವುದು. ಕಾಣದ ಗುರಿಗೆ ಹಾರಿಸದಿರುವುದೇ ಯಾವ ದುರ್ಬೀನಿಗೂ ಮೊದಲನೆಯ ನಿಯಮ.