ಅಪ್ಪನ ಜೀಪು, ನನ್ನ ಶನಿವಾರ

ತಿಂಗಳಲ್ಲಿ ಎರಡು ಶುಕ್ರವಾರ ರಾತ್ರಿ ನಾನು ಬೆಂಗಳೂರಿನಿಂದ ಮೂಡಿಗೆರೆ ಬಸ್ಸು ಹತ್ತುತ್ತೇನೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇರುತ್ತದೆ. ಅದರ ಪಕ್ಕದಲ್ಲೇ ಹಳೇ ಪೇಪರಿನಲ್ಲಿ ಸುತ್ತಿದ ಆಯಿಲ್ ಸೀಲೋ, ವೀಲ್ ಸಿಲಿಂಡರ್ ಕಿಟ್ಟೋ ಇರುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ತಂದದ್ದು. ಆಫೀಸಿನಲ್ಲಿ ಯಾರಾದರೂ ‘ವೀಕೆಂಡ್ ಏನ್ ಪ್ಲ್ಯಾನು?’ ಅಂದರೆ ‘ಜೀಪಿನ ಅಡಿ ಮಲಗೋದು’ ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ನಾನು ಹೇಳುವುದು ಪೂರ್ತಿ ನಿಜ.

ನಮ್ಮದು 1994ರ ಮಹೀಂದ್ರಾ ಎಂಎಂ 540. ನಾನೂ ಅದೂ ಒಂದೇ ವರ್ಷ ಹುಟ್ಟಿದವರು. 2112 ಸಿಸಿಯ ಪೂಜೋ ಡೀಸೆಲ್ ಎಂಜಿನ್ನು, ಟಾರ್ಪಾಲಿನ್ ಹುಡ್ಡು, ಹಿಂದೆ ಎದುರುಬದುರು ಎರಡು ಬೆಂಚು. ಮಹೀಂದ್ರಾದವರು ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿದ್ದು 1947ರಲ್ಲಿ. ಆ ವಂಶದ ಮುಖಚಹರೆ ನಮ್ಮ ಜೀಪಿಗೂ ಬಂದಿದೆ. ಅಪ್ಪ ಇದನ್ನು 1998ರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡರು. ಅವತ್ತಿನಿಂದ ಕಾಫಿ ಮೂಟೆ, ಗೊಬ್ಬರ, ಶಾಲೆ ಮಕ್ಕಳು, ಮದುವೆ ದಿಬ್ಬಣ, ಹೆರಿಗೆ ನೋವು ಬಂದವರು ಎಲ್ಲ ಇದರಲ್ಲೇ. ಮಳೆಗಾಲದಲ್ಲಿ ನಮ್ಮ ಮನೆಯ ಮಣ್ಣುದಾರಿ ಹತ್ತಲು ಬೇರೆ ಗಾಡಿಗೆ ಆಗುವುದಿಲ್ಲ. ಸುತ್ತಲಿನ ಆರೇಳು ಮನೆಗೂ ರಾತ್ರಿ ಹೊತ್ತಿನ ಆಂಬುಲೆನ್ಸ್ ಅಂದರೆ ಇದೇ.

ಮೊದಲ ಸಂಬಳದ ಹುಚ್ಚು

ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ನನಗೆ ಜೀಪಿನ ಮೇಲೆ ಪ್ರೀತಿ ಉಕ್ಕಿತು. ಫೋನಿನಲ್ಲಿ ದಿನಾ ರೀಲ್ಸ್ ನೋಡುತ್ತಿದ್ದೆನಲ್ಲ, ಎಲ್ಲರ ಜೀಪೂ ಕೆಸರಲ್ಲಿ ಹೊಳೀತಿತ್ತು. ನಾನೂ ದಪ್ಪ ಹಲ್ಲಿನ ಮಡ್ ಟೈರು ಹಾಕಿಸಿದೆ. ಹುಡ್ಡಿನ ಮೇಲೆ ಎಲ್‌ಇಡಿ ಬಾರ್, ಮುಂದೆ ಕಬ್ಬಿಣದ ಬಂಪರ್ ಗಾರ್ಡು, ಹೊಸ ಪೇಂಟು. ಒಟ್ಟು ಎಪ್ಪತ್ತು ಸಾವಿರ ದಾಟಿತು. ಅಪ್ಪ ಸುತ್ತ ಒಂದು ರೌಂಡು ಬಂದು, ‘ಚೆನ್ನಾಗೈತೆ ಮಾರಾಯ. ಬ್ರೇಕ್ ಎಣ್ಣೆ ಹಾಕ್ಸಿ ವರ್ಷ ಆಯ್ತು, ಅದನ್ನೂ ಒಂಚೂರು ನೋಡ್ಸು’ ಅಂದರು. ‘ನೆಕ್ಸ್ಟ್ ಟೈಮ್ ನೋಡಣ ಅಪ್ಪ’ ಅಂದೆ. ಬ್ರೇಕ್ ಎಣ್ಣೆಯ ಫೋಟೋ ತೆಗೆದು ಯಾರಿಗೆ ತೋರಿಸುವುದು!

ಆಮೇಲೆ ಎರಡು ವರ್ಷ ಆ ನೆಕ್ಸ್ಟ್ ಟೈಮ್ ಬರಲೇ ಇಲ್ಲ.

ಚಾರ್ಮಾಡಿಯ ಆ ಬೆಳಗ್ಗೆ

2023ರ ಡಿಸೆಂಬರಿನಲ್ಲಿ ಉಜಿರೆಯಲ್ಲಿ ಒಂದು ಮದುವೆ. ಅಪ್ಪ ಪಕ್ಕದಲ್ಲಿ, ಅಮ್ಮ ಮತ್ತು ದೊಡ್ಡಮ್ಮ ಹಿಂದೆ, ಜೊತೆಗೆ ಮದುವೆಮನೆಗೆಂದು ಎರಡು ಮೂಟೆ ಬಾಳೆಕಾಯಿ. ಓಡಿಸುತ್ತಿದ್ದವನು ನಾನು. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ಮೂರನೇ ಗೇರಿನಲ್ಲೇ ಇದ್ದೆ, ಕಾಲು ಬ್ರೇಕಿನ ಮೇಲೇ ಇತ್ತು. ಅಪ್ಪ ಎರಡು ಸಲ ‘ಗೇರ್ ಇಳ್ಸು’ ಅಂದರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪಳಗಿದವನಿಗೆ ಅದೆಲ್ಲ ಹಳೇ ಕಾಲದ ಮಾತು ಅನ್ನಿಸಿತು.

ಅರ್ಧ ಘಾಟಿ ಇಳಿದಿರಬೇಕು. ಸುಟ್ಟ ವಾಸನೆ ಬಂತು. ಮುಂದಿನ ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲು ಸ್ಪಂಜಿನ ಹಾಗೆ ಇಳಿಯಿತು. ಇನ್ನೊಮ್ಮೆ ಒತ್ತಿದೆ, ಸೀದಾ ತಳಕ್ಕೆ ಹೋಯಿತು. ‘ಸೆಕೆಂಡ್ ಹಾಕು!’ ಅಂತ ಅಪ್ಪ ಕೂಗಿದರು. ಗೇರು ಕಿರುಚಿಕೊಂಡು ಬಿತ್ತು, ಎಂಜಿನ್ನು ಅಬ್ಬರಿಸಿತು, ಅಪ್ಪ ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದರು. ಗುಡ್ಡದ ಕಡೆಯ ಚರಂಡಿಗೆ ಎಡಗಾಲಿ ಇಳಿಸಿ, ಮಣ್ಣಿನ ದರೆಗೆ ಒರಗಿಸಿ ನಿಲ್ಲಿಸಿದೆವು. ಇನ್ನೊಂದು ಪಕ್ಕ ಏನಿತ್ತು ಅಂತ ಆ ದಾರಿ ನೋಡಿದವರಿಗೆ ಹೇಳಬೇಕಾಗಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಅಮ್ಮ ಇಳಿದು ರಸ್ತೆ ಬದಿಯಲ್ಲಿ ಕೂತರು, ಬಹಳ ಹೊತ್ತು ಮಾತಾಡಲಿಲ್ಲ. ಅಪ್ಪನೂ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಸಾಬ್ರು ಹೇಳಿದ್ದು

ಎರಡು ದಿನದ ನಂತರ ನಮ್ಮೂರ ಗ್ಯಾರೇಜಿನ ಸಾಬ್ರು ಕೇಳಿದ್ದು ಒಂದೇ ಪ್ರಶ್ನೆ: ‘ತಣ್ಣಗಾದ ಮೇಲೆ ಪೆಡಲ್ ವಾಪಸ್ ಬಂತಾ ಸಣ್ಣ ಗೌಡ್ರೆ?’ ಬಂದಿತ್ತು. ‘ಹಾಗಾದ್ರೆ ಎಣ್ಣೆ ಕುದ್ದಿದೆ’ ಅಂದರು.

ವಿಷಯ ಇಷ್ಟು. ಬ್ರೇಕ್ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಅದಕ್ಕಿರುವ ಮಾನದಂಡ ಬರೀ 140 ಡಿಗ್ರಿ. ನಮ್ಮ ಮಲೆನಾಡಿನ ಮಳೆಯಲ್ಲಿ ತೇವಕ್ಕೇನು ಬರ! ನಾನು ಘಾಟಿ ಉದ್ದಕ್ಕೂ ಬ್ರೇಕ್ ತುಳಿದೇ ಇದ್ದೆ, ಡ್ರಮ್ಮು ಕಾಯಿತು, ಶಾಖ ಎಣ್ಣೆಗೆ ಮುಟ್ಟಿ ಒಳಗೆ ಆವಿಯ ಗುಳ್ಳೆ ಎದ್ದಿತು. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನನ್ನ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದಕ್ಕೇ ಹೋಯಿತು, ಗಾಲಿ ತಲುಪಲಿಲ್ಲ. ಸಾಲದ್ದಕ್ಕೆ ಹಿಂದಿನ ಒಂದು ವೀಲ್ ಸಿಲಿಂಡರು ಸೋರಿ ಲೈನರ್ ಒದ್ದೆಯಾಗಿತ್ತು. ನಾನು ಹಾಕಿಸಿದ ಭಾರದ ಟೈರು, ಕಬ್ಬಿಣದ ಗಾರ್ಡು ಎಲ್ಲ ಸೇರಿ ಅದೇ ಹಳೇ ಬ್ರೇಕಿನ ತಲೆಮೇಲೆ ಕೂತಿದ್ದವು.

‘ಯಾವ ಗೇರಲ್ಲಿ ಹತ್ತುತ್ತೀವೋ ಅದೇ ಗೇರಲ್ಲಿ ಇಳೀಬೇಕು. ಮೊದ್ಲು ನಿಲ್ಲೋದು ನೋಡಿ, ಆಮೇಲೆ ತಿರುಗೋದು, ಆಮೇಲೆ ಓಡೋದು. ಹೊಳೆಯೋದು ಕೊನೇಗೆ’ ಅಂದರು ಸಾಬ್ರು. ಅವತ್ತಿನಿಂದ ನನ್ನ ಶನಿವಾರದ ಪಟ್ಟಿ ಅದೇ ಕ್ರಮದಲ್ಲಿದೆ.

ನಿಲ್ಲೋದು

ಆರು ತಿಂಗಳು ಸಾಬ್ರ ಪಕ್ಕ ಕೂತು ಕಲಿತ ಮೇಲೆ ಸಣ್ಣಪುಟ್ಟದ್ದನ್ನು ಮನೆಯಲ್ಲೇ ಮಾಡುತ್ತೇನೆ. ಮೊದಲ ಪಾಠ ಜಾಕಿನದು. ಕಣದಂಥ ಸಮತಟ್ಟು ಜಾಗ, ನೆಲದ ಮೇಲಿರುವ ಗಾಲಿಗೆ ಹಿಂದೆ ಮುಂದೆ ಕಟ್ಟೆ ಕಲ್ಲು, ಎತ್ತಿದ ಮೇಲೆ ಆ್ಯಕ್ಸೆಲ್ ಕೆಳಗೆ ಕಬ್ಬಿಣದ ಸ್ಟ್ಯಾಂಡು. ಬರೀ ಜಾಕಿ ನಂಬಿ ಗಾಡಿ ಅಡಿಗೆ ತಲೆ ಹಾಕಬೇಡಿ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ. ಹಳೇ ಲೈನರುಗಳಲ್ಲಿ ಆ್ಯಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬ್ರೇಕ್ ಎಣ್ಣೆ ಪೂರ್ತಿ ಬದಲು. ಇದು ಇಬ್ಬರ ಕೆಲಸ. ಮಾಸ್ಟರ್ ಸಿಲಿಂಡರಿಗೆ ದೂರದ ಗಾಲಿಯಿಂದ ಶುರು. ಅಪ್ಪ ಸೀಟಿನಲ್ಲಿ, ನಾನು ನೆಲದಲ್ಲಿ. ‘ಒತ್ತಪ್ಪಾ’ ಅಂದರೆ ಒತ್ತುತ್ತಾರೆ. ‘ಹಿಡ್ಕೋ’ ಅಂದಾಗ ನಾನು ನಿಪ್ಪಲ್ ಬಿಚ್ಚುತ್ತೇನೆ. ಪೈಪಿನಲ್ಲಿ ಗುಳ್ಳೆ ಸಮೇತ ಕಪ್ಪು ಎಣ್ಣೆ ಬಾಟಲಿಗೆ ಇಳಿಯುತ್ತದೆ. ನಿಪ್ಪಲ್ ಬಿಗಿದ ಮೇಲಷ್ಟೇ ‘ಬಿಡು’. ಮೊದಲೇ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿ ಖಾಲಿಯಾಗದ ಹಾಗೆ ತುಂಬಿಸುತ್ತಿರಬೇಕು. ಒತ್ತು, ಹಿಡ್ಕೋ, ಬಿಡು. ಅಪ್ಪನೂ ನಾನೂ ಇಡೀ ತಿಂಗಳು ಫೋನಿನಲ್ಲಿ ಆಡುವುದಕ್ಕಿಂತ ಹೆಚ್ಚು ಮಾತು ಆ ಒಂದು ಗಂಟೆಯಲ್ಲಿ ಆಗುತ್ತದೆ ಅನ್ನಿಸುತ್ತದೆ.

ತಿರುಗೋದು, ಓಡೋದು

ತಿಂಗಳಿಗೊಮ್ಮೆ ಗ್ರೀಸ್ ಗನ್ ಹಿಡಿದು ಮಲಗುತ್ತೇನೆ. ಪಟ್ಟಿ ಸ್ಪ್ರಿಂಗಿನ ಶ್ಯಾಕಲ್, ಟೈ ರಾಡ್ ಎಂಡ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಎಲ್ಲದರ ನಿಪ್ಪಲ್ ಮೊದಲು ಒರೆಸಿ ಆಮೇಲೆ ಗ್ರೀಸ್. ಒರೆಸದಿದ್ದರೆ ಗ್ರೀಸಿನ ಜೊತೆ ಮಣ್ಣನ್ನೂ ಒಳಗೆ ತಳ್ಳಿದ ಹಾಗೆ. ಮುಂದಿನ ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತೇನೆ. ಟಕ್ ಅಂದರೆ ವೀಲ್ ಬೇರಿಂಗೋ ಕಿಂಗ್‌ಪಿನ್ನೋ ಸವೆದಿದೆ, ಅದು ಸಾಬ್ರ ಕೆಲಸ.

ಗೇರ್ ಎಣ್ಣೆಯ ಬೋಲ್ಟು ಬಿಚ್ಚಿ ಬೆರಳಿಟ್ಟು ನೋಡುವುದೂ ಮುಖ್ಯ. ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತಲೇ. ನಮ್ಮದರಲ್ಲಿ ಹಿಂದಿನ ಹೌಸಿಂಗಿನಲ್ಲಿ ಹಾಗೇ ಆಗಿತ್ತು. ಓಡಿ ಬಿಸಿಯಾದ ಹೌಸಿಂಗು ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡಲು ಮೇಲೆ ಇರುವ ಬ್ರೀದರ್ ತೂತು ಕೆಸರು ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ತೂತು ತೆರೆದಿದ್ದು ನೀರಿನೊಳಗೆ ಮುಳುಗಿದರೂ ಅದೇ ಕಥೆ.

ಫೋರ್‌ವೀಲ್ ಲಿವರನ್ನು ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸುತ್ತೇವೆ, ಬೇಕಾದಾಗ ಜಾಮ್ ಆಗಿರಬಾರದು. ಒಣ ಟಾರಿನ ಮೇಲೆ ಮಾತ್ರ ಹಾಕಬೇಡಿ. ಇಂಥ ಜೀಪುಗಳಲ್ಲಿ ಹಿಂದಿನ ಮುಂದಿನ ಶಾಫ್ಟು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು. ಕೆಸರಲ್ಲಾದರೆ ಜಾರಿ ಸರಿಹೊಂದುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲದೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ನಿಜವಾದ ಅಪ್‌ಗ್ರೇಡು

ಕಬ್ಬಿಣದ ಗಾರ್ಡು ತೆಗೆಸಿದೆ. ಅಂಥವುಗಳ ವಿರುದ್ಧ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ತಯಾರಕರ ಮೂಲ ವಿವರಕ್ಕೆ ಹೊರತಾಗುವಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಧಾರದ ಮೇಲೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು, ಅದಕ್ಕೆ ಮುಂಚೆ ತಪಾಸಣೆ. 2024ರಲ್ಲಿ ನಮ್ಮ ಜೀಪು ತಪಾಸಣೆಗೆ ನಿಂತಾಗ ಎಲ್‌ಇಡಿ ಬಾರೂ ಇರಲಿಲ್ಲ, ಮಡ್ ಟೈರೂ ಇರಲಿಲ್ಲ. ಮೂಲ ಅಳತೆಯ 6.00-16 ಟೈರಿಗೆ ವಾಪಸ್ ಬಂದಿದ್ದೆವು. ಹೊಸ ಟೈರು ತಗೊಳ್ಳುವಾಗ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಹಲ್ಲು ಹೊಸದಿದ್ದರೂ ರಬ್ಬರು ಹಳೇದಿರಬಹುದು.

ಉಳಿದಂತೆ ಎರಡೇ ಬದಲಾವಣೆ. ಒಂದು, ಎರಡೂ ಹೌಸಿಂಗಿನ ಬ್ರೀದರಿಗೆ ರಬ್ಬರ್ ಪೈಪು ಸಿಕ್ಕಿಸಿ ಅದರ ತುದಿಯನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿದ್ದು. ಇನ್ನೊಂದು, ಹೆಡ್‌ಲೈಟಿಗೆ ರಿಲೇ. ಹಳೇ ಜೀಪಿನಲ್ಲಿ ದೀಪದ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ಚು, ಸವೆದ ಸಣ್ಣ ವೈರುಗಳ ಮೂಲಕ ಸುತ್ತಿ ಬರುವಷ್ಟರಲ್ಲಿ ವೋಲ್ಟೇಜು ಬಿದ್ದಿರುತ್ತದೆ. ರಿಲೇ ಹಾಕಿದರೆ ಸ್ವಿಚ್ಚು ಸೂಚನೆ ಮಾತ್ರ ಕೊಡುತ್ತದೆ. ಕರೆಂಟು ಬ್ಯಾಟರಿಯಿಂದ ಫ್ಯೂಸು ದಾಟಿ ದಪ್ಪ ವೈರಿನಲ್ಲಿ ನೇರ ದೀಪಕ್ಕೆ. ಬಲ್ಬು ಅದೇ 60/55 ವ್ಯಾಟಿನದು, ಬೆಳಕು ಮಾತ್ರ ಎದ್ದು ಕಾಣುವಷ್ಟು ಹೆಚ್ಚಿತು. ಎದುರು ಬರುವವರ ಕಣ್ಣಿಗೂ ಕುಕ್ಕುವುದಿಲ್ಲ. ಇವೆರಡಕ್ಕೂ ಸೇರಿ ಆದ ಖರ್ಚು ಆ ಎಲ್‌ಇಡಿ ಬಾರಿನ ಕಾಲು ಭಾಗವೂ ಅಲ್ಲ.

ಹಳೇ ಜೀಪು ಮಾರಿ ಹೊಸದು ತಗೊಳ್ಳಿ ಅಂತ ಹೇಳುವವರು ಬಹಳ. ಲೆಕ್ಕ ಹಾಕಿದರೆ ಅವರ ಮಾತಲ್ಲೂ ನ್ಯಾಯವಿದೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹೆದ್ದಾರಿಯಲ್ಲಿ ನಿಧಾನ. ಅದಕ್ಕೇ ನಾವೊಂದು ಒಪ್ಪಂದಕ್ಕೆ ಬಂದಿದ್ದೇವೆ: ದೂರದ ಪ್ರಯಾಣಕ್ಕೆ ಬಸ್ಸು, ಜೀಪು ಊರ ಸುತ್ತಮುತ್ತ ಮಾತ್ರ.

ಕಳೆದ ಜುಲೈ, ಮಂಗಳವಾರ ರಾತ್ರಿ. ನಾನು ಬೆಂಗಳೂರಿನ ರೂಮಿನಲ್ಲಿದ್ದೆ. ಮೂರು ದಿನದಿಂದ ಊರಲ್ಲಿ ಬಿಡದೆ ಮಳೆ, ಕರೆಂಟಿಲ್ಲ. ರಾತ್ರಿ ಎರಡೂವರೆಗೆ ಅಪ್ಪನ ಫೋನು. ಎದೆ ಹೊಡೆದುಕೊಂಡಿತು. ಕೆಳಗಿನ ಮನೆಯ ಅಜ್ಜಿಗೆ ಉಸಿರಾಟದ ತೊಂದರೆಯಾಗಿ, ಅರುವತ್ತೇಳರ ಅಪ್ಪ ಒಬ್ಬರೇ ಜೀಪು ತೆಗೆದು, ಹಳ್ಳ ದಾಟಿಸಿ, ಮೂಡಿಗೆರೆ ಆಸ್ಪತ್ರೆಗೆ ಮುಟ್ಟಿಸಿದ್ದರು.

‘ಅಜ್ಜಿ ಹ್ಯಾಗಿದಾರೆ?’

‘ಆಕ್ಸಿಜನ್ ಹಾಕಿದಾರೆ, ಪರವಾಗಿಲ್ಲ ಅಂದ್ರು ಡಾಕ್ಟ್ರು.’ ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ ಕೇಳಿಸಿತು. ಆಮೇಲೆ ಅಪ್ಪ ಅಂದರು, ‘ಇಳಿಜಾರಲ್ಲಿ ಮರ ಬಿದ್ದಿತ್ತು ಮಾರಾಯ. ಲೈಟಿಗೆ ದೂರದಿಂದ್ಲೇ ಕಾಣ್ತು. ಬ್ರೇಕು ಚೆನ್ನಾಗಿ ಹಿಡೀತು.’

ಆ ಶುಕ್ರವಾರ ಜೆ.ಸಿ. ರಸ್ತೆಗೆ ಹೋಗಿ ಇನ್ನೊಂದು ಡಬ್ಬಿ ಬ್ರೇಕ್ ಎಣ್ಣೆ ತಗೊಂಡೆ.