ಒಣದ್ರಾಕ್ಷಿಗೆ ಗಂಧಕದ ಹೊಗೆ: ಬೆಂಕಿಯ ಎಚ್ಚರ



ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ ಕೈಗೆ ಬರುತ್ತದೆ. ಅಕ್ಟೋಬರ್ ಚಾಟಣಿಯಿಂದ ಹಿಡಿದು ಬೇಸಿಗೆಯವರೆಗೆ ಮನೆಮಂದಿಯೆಲ್ಲ ದುಡಿದ ಫಲ ಕೊನೆಗೆ ಶೆಡ್ಡಿನ ನೆರಳು ಬಲೆಯ ಕೆಳಗೆ ಬಂದು ಸೇರುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ತೋಟಗಳಲ್ಲಿ ಈ ಮಾಲಿಗೆ ಹೊಂಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವುದುಂಟು. ಹೊಗೆಯಿಂದ ಬಣ್ಣ ಬರುವುದು ನಿಜ. ಆದರೆ ಅದರ ಹಿಂದೆ ಬೆಂಕಿಯೂ ಇದೆ ಎಂಬುದನ್ನು ಮರೆಯಬಾರದು.

ಗಂಧಕದ ಗುಣ ಮೊದಲು ತಿಳಿದಿರಬೇಕು. ಸುಮಾರು 115 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಕರಗಿ ಎಣ್ಣೆಯಂತೆ ಹರಿಯುತ್ತದೆ. ಸುಮಾರು 230 ಡಿಗ್ರಿ ದಾಟಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅದರ ಜ್ವಾಲೆ ನೀಲಿ ಬಣ್ಣದ್ದು, ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಆರಿತೆಂದು ತಿಳಿದು ಬಿಟ್ಟುಹೋದ ಬಾಣಲೆ ಇನ್ನೂ ಉರಿಯುತ್ತಿರಬಹುದು. ಸುತ್ತಲಿರುವ ನೆರಳು ಬಲೆ, ಪ್ಲಾಸ್ಟಿಕ್ ಹಾಳೆ, ಕ್ರೇಟು ಇವೆಲ್ಲ ಬೇಗ ಕರಗಿ, ಉರಿಯುತ್ತ ಕೆಳಗೆ ತೊಟ್ಟಿಕ್ಕುವ ವಸ್ತುಗಳು.

ಆದ್ದರಿಂದ ಗಂಧಕವನ್ನು ಮಾಲಿನ ಕೆಳಗೆ ಹಚ್ಚದೆ, ಹೊರಗೆ ಇಟ್ಟಿಗೆಯ ಗೂಡು ಕಟ್ಟಿ ಅದರಲ್ಲಿ ಉರಿಸಿ, ಹೊಗೆಯನ್ನು ಕಬ್ಬಿಣದ ಕೊಳವೆಯ ಮೂಲಕ ಒಳಗೆ ಬಿಡುವುದು ಉತ್ತಮ. ಒಳಗೇ ಹಚ್ಚಬೇಕಾದಲ್ಲಿ ಆಳವಾದ ಕಬ್ಬಿಣದ ಬಾಣಲೆಯನ್ನು ಮರಳು ತುಂಬಿದ ದೊಡ್ಡ ಬುಟ್ಟಿಯೊಳಗೆ ಕೂರಿಸಬೇಕು. ಬುಟ್ಟಿ ಕಬ್ಬಿಣದ್ದಾಗಿರಬೇಕು. ಸುತ್ತ ಮೂರು ಅಡಿಯೊಳಗೆ ಬಲೆ, ಹಾಳೆ, ರದ್ದಿ ಏನೂ ಇರಬಾರದು. ಬಾಣಲೆಯ ಅರ್ಧಕ್ಕಿಂತ ಹೆಚ್ಚು ಗಂಧಕ ತುಂಬಬಾರದು. ಬಿಸಿ ಬಾಣಲೆಗೆ ಮತ್ತೆ ಗಂಧಕದ ಪುಡಿ ಸುರಿಯಬಾರದು.

ಎರಡನೆಯ ಮಾತು ವಿದ್ಯುತ್ತಿನದು. ಕಾದು ಕೆಂಪಾದ ವಿದ್ಯುತ್ ಒಲೆಯ ಸುರುಳಿ ಗಂಧಕ ಹೊತ್ತುವ ಶಾಖಕ್ಕಿಂತ ಎಷ್ಟೋ ಪಾಲು ಹೆಚ್ಚು ಬಿಸಿಯಾಗಿರುತ್ತದೆ. ಕರಗಿದ ಗಂಧಕ ಅದರ ಮೇಲೆ ಉಕ್ಕಿದರೆ ಬೆಂಕಿ ಖಂಡಿತ. ಇದಕ್ಕಿಂತಲೂ ಕಾಣದ ಅಪಾಯ ಇನ್ನೊಂದಿದೆ. ಗಂಧಕದ ಹೊಗೆ ತೇವದೊಡನೆ ಸೇರಿದರೆ ಆಮ್ಲವಾಗುತ್ತದೆ. ಆ ಆಮ್ಲ ಫ್ಯಾನು, ದೀಪ, ಸ್ವಿಚ್ಚುಗಳ ತಾಮ್ರದ ಜೋಡಣೆಗಳನ್ನು ಹಂಗಾಮಿನಿಂದ ಹಂಗಾಮಿಗೆ ತಿನ್ನುತ್ತ ಹೋಗುತ್ತದೆ. ಸವೆದ ಜೋಡಣೆ ಕಾಯುತ್ತದೆ, ಕಿಡಿ ಹಾರಿಸುತ್ತದೆ. ಹೊಗೆ ಕೊಟ್ಟ ದಿನ ಏನೂ ಆಗದೆ, ಮುಂದಿನ ವರ್ಷ ಶೆಡ್ಡು ಹೊತ್ತಿಕೊಳ್ಳಲು ಇದು ಕಾರಣವಾಗಬಲ್ಲದು. ಸ್ವಿಚ್ ಬೋರ್ಡನ್ನು ಶೆಡ್ಡಿನ ಹೊರಗೇ ಇಡಿಸಿ. ಹಂಗಾಮು ಶುರುವಾಗುವ ಮುನ್ನ ಬಲ್ಲ ಕೆಲಸಗಾರರಿಂದ ಜೋಡಣೆಗಳನ್ನು ನೋಡಿಸಿ, ಕಪ್ಪಾದ ತಂತಿ ಬದಲಿಸಿ. ಫ್ಯೂಸಿಗೆ ದಪ್ಪ ತಂತಿ ಕಟ್ಟುವ ರೂಢಿ ಬಿಡತಕ್ಕದ್ದು.

ಮೂರನೆಯದು ದಾಸ್ತಾನು. ಹನಿ ನೀರಾವರಿಯಲ್ಲಿ ಬಿಡುವ 13-0-45 ಗೊಬ್ಬರ ಪೊಟ್ಯಾಷಿಯಂ ನೈಟ್ರೇಟ್, ಅಂದರೆ ಹಿಂದಿನವರ ಪೆಟ್ಲುಪ್ಪು. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರೂ ಕೂಡಿದರೆ ತೋಪಿನ ಮದ್ದು. ವಿಜಯಪುರ ಕೋಟೆಯ ಮಲಿಕ್-ಎ-ಮೈದಾನ್ ತೋಪಿನ ಕಾಲದಲ್ಲಿ ತೋಪುಗಳಿಗೆ ತುಂಬುತ್ತಿದ್ದುದು ಇಂಥ ಮದ್ದೇ. ನಮ್ಮ ಶೆಡ್ಡಿನ ಒಂದೇ ಮೂಲೆಯಲ್ಲಿ ಈ ಮೂರನ್ನೂ ಇಡುವುದೆಂದರೆ ಏನೆಂದು ನೀವೇ ಯೋಚಿಸಿ. ಗಂಧಕವನ್ನು ಗೊಬ್ಬರದಿಂದ ದೂರ, ಬೇರೆ ಕೋಣೆಯಲ್ಲಿ ಮುಚ್ಚಿಡಬೇಕು. ಜೋರಾಪುರ ಪೇಟೆಯಂತಹ, ಮನೆಗೆ ಮನೆ ತಾಗಿದ ಓಣಿಗಳಲ್ಲಿ ಮಾಲು ಇಟ್ಟವರು ಅಲ್ಲಿ ಗಂಧಕ ಹಚ್ಚಲೇಬಾರದು. ಬೆಂಕಿಯೊಂದೇ ಅಲ್ಲ, ಹೊಗೆಯೂ ನೆರೆಮನೆಯ ಮಕ್ಕಳ ಉಸಿರು ಕಟ್ಟಿಸುತ್ತದೆ.

ಬೆಂಕಿ ಬಿದ್ದರೆ ಮೊದಲು ಜನರನ್ನು ಹೊರಗೆ ಕಳುಹಿಸಿ, ಗಾಳಿ ಬೀಸಿ ಬರುವ ಕಡೆಗೆ ನಿಲ್ಲಿಸಿ. ಮೇನ್ ಸ್ವಿಚ್ ಆರಿಸಿ. 101 ಅಥವಾ 112ಕ್ಕೆ ಫೋನ್ ಮಾಡಿ. ಉರಿಯುವ ಬಾಣಲೆಗೆ ನೀರು ಎರಚಬೇಡಿ, ಕುದಿಯುವ ಗಂಧಕ ಸಿಡಿಯುತ್ತದೆ. ಚಿಕ್ಕ ಬೆಂಕಿಯಾದರೆ ಮರಳು ಮುಚ್ಚಿ. ಒಂದು ಕಿಲೋ ಗಂಧಕ ಉರಿದರೆ ಸುಮಾರು ಎರಡು ಕಿಲೋ ವಿಷಾನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ನೆಲದ ಬಳಿ ಕೂಡಿಕೊಳ್ಳುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಾಲು ಉಳಿಸಲು ಒಳಗೆ ನುಗ್ಗಬೇಡಿ, ಆ ಬಟ್ಟೆಯನ್ನು ನಂಬುವಂತಿಲ್ಲ. ಹೊಗೆ ಕುಡಿದವರನ್ನು ಬಯಲಿಗೆ ತಂದು, ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ.

ಇದಕ್ಕೆಲ್ಲ ಬೇಕಾಗುವ ಖರ್ಚು ಹೆಚ್ಚಿನದಲ್ಲ. ಎರಡು ಬುಟ್ಟಿ ಮರಳು, ನಾಲ್ಕು ಸಾಲು ಇಟ್ಟಿಗೆ, ಒಂದು ದಿನದ ತಂತಿ ಕೆಲಸ, ಹೊಗೆ ಮುಗಿಯುವವರೆಗೆ ಹೊರಗೆ ಕಾವಲು ನಿಲ್ಲುವ ಒಬ್ಬ ಆಳು. ದ್ರಾಕ್ಷಿ ಕೊಯ್ಲಿಗೆ ಮುನ್ನವೇ ಇಷ್ಟನ್ನು ಸಿದ್ಧಮಾಡಿಕೊಳ್ಳಿರಿ.